ಅಣಕು ತಟ್ಟೆಗಳ ಟ್ರಂಕು

ನಾವು ಮೂವರು ಗೆಳೆಯರು ಸೇರಿ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕೂಡಿಡುತ್ತೇವೆ. ಸಿಕ್ಕಿದ್ದನ್ನೆಲ್ಲ ಅಲ್ಲ. ಅಣಕು ತಟ್ಟೆಗಳನ್ನು ಮಾತ್ರ. ಅಂದರೆ ಇನ್ನೊಂದು ಹಾಡನ್ನೋ, ಇನ್ನೊಬ್ಬ ಹಾಡುಗಾರನನ್ನೋ, ಇನ್ನೊಬ್ಬರ ಮಾತಿನ ಧಾಟಿಯನ್ನೋ ಗೇಲಿ ಮಾಡೋದಕ್ಕೆ ಅಂತಲೇ ಮಾಡಿದ ತಟ್ಟೆಗಳು. ಅದರಲ್ಲೂ ನಮಗೆ ಹುಚ್ಚು ಹಿಡಿಸಿದ್ದು 1950ರ ದಶಕದಲ್ಲಿ ಹುಟ್ಟಿದ ರಾಕ್ ಅಂಡ್ ರೋಲ್ ಹಾಡುಗಳನ್ನು ಅಣಕಿಸಿದವು.

ನಮ್ಮಲ್ಲಿ ಒಬ್ಬ ಸಿಂದಗಿ ಕಡೆಯವನು, ಒಬ್ಬ ಪಾವಗಡದವನು, ಒಬ್ಬಳು ಸಿದ್ದಾಪುರದವಳು. ಪತ್ರಿಕೋದ್ಯಮ ಓದುವಾಗ ಒಂದೇ ಕ್ಲಾಸು. ಈಗ ಕೆಲಸ ಬೇರೆ ಬೇರೆ. ಗಂಡಸರಿಬ್ಬರಿಗೆ ಬಿಟಿಎಂ ಲೇಔಟ್‌ನಲ್ಲಿ ಒಂದು ರೂಮು, ಗೆಳತಿಗೆ ಜಯನಗರದಲ್ಲಿ ಒಂದು ಪಿಜಿ. ತಟ್ಟೆಗಳು ಇರೋದು ಬಿಟಿಎಂ ರೂಮಿನ ಮಂಚದ ಕೆಳಗೆ, ನೀಲಿ ಬಣ್ಣದ ತಗಡಿನ ಟ್ರಂಕಿನಲ್ಲಿ. ಒಟ್ಟು 43 ತಟ್ಟೆ. ಒಂಬತ್ತು ವಿದೇಶದವು, 14 ಹಿಂದಿ ಸಿನಿಮಾದವು, ಉಳಿದ 20 ಕನ್ನಡದ ಹಾಸ್ಯದ ತಟ್ಟೆಗಳು.

ಊರಿಗೆ ಹೋದಾಗ ಕೇಳುತ್ತಾರೆ. 'ಫೋನಲ್ಲೇ ಎಲ್ಲ ಹಾಡು ಬರುತ್ತಲ್ಲ, ಅದನ್ನ ದುಡ್ಡು ಕೊಟ್ಟು ತಗೋತೀರಾ?' ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡೋದಕ್ಕೇ ಈ ಬರಹ.

ಇಲಿಯ ದನಿ ಬಂದದ್ದು ಹೇಗೆ

ಮೊದಲು ಆ ಕಾಲದ ಕತೆ ಸ್ವಲ್ಪ ಹೇಳಬೇಕು. ಅಮೆರಿಕದಲ್ಲಿ ಕಪ್ಪು ಜನರು ಹಾಡಿಕೊಂಡು ಬಂದ ಬ್ಲೂಸ್ ಮತ್ತು ಹಳ್ಳಿಗಾಡಿನ ಬಿಳಿಯರ ಕಂಟ್ರಿ ಹಾಡು ಎರಡೂ ಬೆರೆತು ರಾಕ್ ಅಂಡ್ ರೋಲ್ ಆಯಿತು. ಚಕ್ ಬೆರ್ರಿ, ಲಿಟಲ್ ರಿಚರ್ಡ್, ಫ್ಯಾಟ್ಸ್ ಡಾಮಿನೊ ಇದರ ಹಿರಿಯರು. 1954ರಲ್ಲಿ ಬಿಲ್ ಹೇಲಿ 'ರಾಕ್ ಅರೌಂಡ್ ದಿ ಕ್ಲಾಕ್' ಧ್ವನಿಮುದ್ರಿಸಿದ. 1956ರಲ್ಲಿ ಎಲ್ವಿಸ್ ಪ್ರೀಸ್ಲಿಯ 'ಹಾರ್ಟ್‌ಬ್ರೇಕ್ ಹೋಟೆಲ್' ಬಂತು. ಎಲ್ವಿಸ್ ಮಿಸಿಸಿಪ್ಪಿಯ ಟ್ಯುಪೆಲೊ ಎಂಬ ಸಣ್ಣ ಊರಿನ ಬಡವರ ಮನೆಯ ಹುಡುಗ. ಹಾಡುಗಾರ ಆಗುವ ಮುಂಚೆ ಲಾರಿ ಓಡಿಸುತ್ತಿದ್ದ.

ಹೈಸ್ಕೂಲ್ ಹುಡುಗರು ಈ ಹಾಡಿಗೆ ಕುಣಿದರು. ದೊಡ್ಡವರಿಗೆ ತಡೆಯಲಾಗಲಿಲ್ಲ. ಇದೇನು ಹಾಡೋ ಕಿರುಚಾಟವೋ, ಒಂದು ಪದವೂ ತಿಳಿಯೋದಿಲ್ಲ ಅಂದರು. ಆಗ ಬಂದವು ಅಣಕು ತಟ್ಟೆಗಳು.

ಅವುಗಳಲ್ಲಿ ಹೆಸರಾದವನು ಸ್ಟ್ಯಾನ್ ಫ್ರೀಬರ್ಗ್ ಎಂಬ ಹಾಸ್ಯಗಾರ. ಕ್ಯಾಪಿಟಲ್ ಕಂಪನಿಗೆ ತಟ್ಟೆ ಮಾಡುತ್ತಿದ್ದ. 1954ರಲ್ಲಿ 'ಶ್-ಬೂಮ್' ಎಂಬ ಹಾಡನ್ನು ಅಣಕಿಸಿದ. ಅದರಲ್ಲಿ ಹಾಡುಗಾರನಿಗೆ ಬುದ್ಧಿ ಹೇಳುತ್ತಾರೆ: ನಿನ್ನ ಮಾತು ಸ್ಪಷ್ಟವಾಗಿ ಕೇಳಿಸ್ತಾ ಇದೆ, ಹಾಗಾದರೆ ನಡೆಯೋದಿಲ್ಲ, ಗೊಣಗು. 1956ರಲ್ಲಿ ಎಲ್ವಿಸ್ ಹಾಡನ್ನೇ ಹಿಡಿದ. ಆ ತಟ್ಟೆಯಲ್ಲಿ ಹಾಡುಗಾರ ಕುಣಿಯುತ್ತ ಕುಣಿಯುತ್ತ ತನ್ನ ಪ್ಯಾಂಟು ಹರಿದುಕೊಳ್ಳುತ್ತಾನೆ, ಪ್ರತಿಧ್ವನಿ ಜಾಸ್ತಿಯಾಗಿ ತನ್ನ ದನಿಯೊಳಗೇ ಮುಳುಗಿಹೋಗುತ್ತಾನೆ. ಅದೇ ವರ್ಷದ ಇನ್ನೊಂದು ತಟ್ಟೆಯಲ್ಲಿ ಪಿಯಾನೊ ನುಡಿಸುವವನು ಜಾಝ್ ಪ್ರೇಮಿ. ಒಂದೇ ಸಮನೆ ಟಿಂಗ್ ಟಿಂಗ್ ಟಿಂಗ್ ಅಂತ ಬಾರಿಸು ಅಂದರೆ ಅವನು ಜಗಳಕ್ಕೆ ನಿಲ್ಲುತ್ತಾನೆ.

1958ರಲ್ಲಿ ಶೆಬ್ ವೂಲಿ ಎಂಬಾತ ಒಂದು ಕಣ್ಣು, ಒಂದು ಕೊಂಬಿನ ಹಾರುವ ಭೂತದ ಹಾಡು ಬಿಟ್ಟ. ಆ ಭೂತಕ್ಕೆ ಇದ್ದ ಆಸೆ ಒಂದೇ, ರಾಕ್ ಅಂಡ್ ರೋಲ್ ಬ್ಯಾಂಡಿಗೆ ಸೇರೋದು. ಆ ಹಾಡು ಅಮೆರಿಕದಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಅದೇ ವರ್ಷ ಡೇವಿಡ್ ಸೆವಿಲ್ ಎಂಬ ಹೆಸರಿನಲ್ಲಿ 'ವಿಚ್ ಡಾಕ್ಟರ್' ಬಂತು. ಅದರೊಳಗೆ ಒಂದು ಇಲಿ ಮಾತಾಡಿದ ಹಾಗೆ ಕೀಚಲು ದನಿ ಇದೆ. ಟೇಪನ್ನು ಅರ್ಧ ವೇಗದಲ್ಲಿ ಓಡಿಸಿ ನಿಧಾನವಾಗಿ ಹಾಡಿ, ಆಮೇಲೆ ಪೂರ್ತಿ ವೇಗದಲ್ಲಿ ಕೇಳಿಸಿದರೆ ದನಿ ಹಾಗಾಗುತ್ತದೆ.

ಈ ಗುಟ್ಟು ನಮ್ಮೂರ ಮೈಕ್ ಸೆಟ್‌ನವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 33ರಲ್ಲಿ ಓಡಬೇಕಾದ ತಟ್ಟೆಯನ್ನು 45ಕ್ಕೆ ಹಾಕಿದರೆ ಘಂಟಸಾಲ ಅವರೂ ಇಲಿಯಾಗುತ್ತಾರೆ. ಜಾತ್ರೆಯಲ್ಲಿ ಮಕ್ಕಳನ್ನು ನಗಿಸೋದಕ್ಕೆ ಬೇಕಂತಲೇ ಹಾಗೆ ಮಾಡುತ್ತಿದ್ದರು ಅಂತ ಪಾವಗಡದವನ ಸೋದರಮಾವ ಈಗಲೂ ಹೇಳುತ್ತಾರೆ.

ನಮ್ಮ ದೇಶದಲ್ಲೂ ಆ ಗಾಳಿ ಬೀಸಿತು. 1957ರ 'ಆಶಾ' ಸಿನಿಮಾಗೆ ಸಿ. ರಾಮಚಂದ್ರ ಮಾಡಿದ 'ಈನಾ ಮೀನಾ ಡೀಕಾ' ನಿಮಗೆ ಗೊತ್ತೇ ಇರುತ್ತದೆ. ಅರ್ಥವಿಲ್ಲದ ಪದಗಳ ರಾಕ್ ಅಂಡ್ ರೋಲ್. ಅದರೊಳಗೆ ಗೋವಾದ ವಾದ್ಯಗಾರರೊಬ್ಬರು ಕೊಂಕಣಿಯ 'ನನಗೆ ಬೇಡ' ಎಂಬ ಮಾತನ್ನು ಸೇರಿಸಿದರು ಅಂತ ಹೇಳುತ್ತಾರೆ. ದೇಶವೆಲ್ಲ ಅದು ಅರ್ಥವಿಲ್ಲದ ಸದ್ದು ಅಂದುಕೊಂಡು ಕುಣಿಯಿತು. ಕಾರವಾರ, ಕುಮಟಾ, ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಮಾತ್ರ ನಕ್ಕಿರುತ್ತಾರೆ. 1965ರಲ್ಲಿ 'ಭೂತ್ ಬಂಗ್ಲಾ'ದಲ್ಲಿ ಮೆಹಮೂದ್ ಟ್ವಿಸ್ಟ್ ಕುಣಿದರು. ಅದೇ ವರ್ಷ 'ಜಾನ್ವರ್'ನಲ್ಲಿ ಶಮ್ಮಿ ಕಪೂರ್ ಬೀಟಲ್ಸ್ ಧಾಟಿಗೆ ತಲೆ ಅಲ್ಲಾಡಿಸಿದರು. ಈ ಮೂರೂ ನಮ್ಮ ಟ್ರಂಕಿನಲ್ಲಿವೆ.

ಜಯನಗರದ ಅಟ್ಟಗಳು

ತಟ್ಟೆಗಳು ಸಿಗುವುದೆಲ್ಲಿ? ಭಾನುವಾರ ಬೆಳಿಗ್ಗೆ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ನಲ್ಲಿ ಕೆಲವು ಸಿಗುತ್ತವೆ. ಆದರೆ ಒಳ್ಳೆಯವೆಲ್ಲ ಸಿಕ್ಕಿದ್ದು ದಕ್ಷಿಣ ಬೆಂಗಳೂರಿನ ಗುಜರಿ ಅಂಗಡಿಗಳಲ್ಲಿ.

ಅದಕ್ಕೆ ಕಾರಣ ಇದೆ. ಜಯನಗರ ಶುರುವಾದದ್ದು 1948ರಲ್ಲಿ. ಆಮೇಲಿನ ದಶಕಗಳಲ್ಲಿ ಎಚ್‌ಎಎಲ್, ಎಚ್‌ಎಂಟಿ, ಬ್ಯಾಂಕು, ಸರ್ಕಾರಿ ಕಚೇರಿಗಳ ನೌಕರರು ಇಲ್ಲಿ, ಬನಶಂಕರಿಯಲ್ಲಿ, ಜೆಪಿ ನಗರದಲ್ಲಿ ಸೈಟು ತೆಗೆದು ಮನೆ ಕಟ್ಟಿದರು. ಮುಂದೆ ಒಂದು ಸಂಪಿಗೆ ಮರ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಮೇಲೆ ಅಟ್ಟ. ಈಗ ಆ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಮಕ್ಕಳು ವಿದೇಶದಲ್ಲಿದ್ದಾರೆ, ಮನೆ ಜಾಗದಲ್ಲಿ ಅಪಾರ್ಟ್‌ಮೆಂಟ್ ಏಳುತ್ತದೆ. ಕಟ್ಟಡ ಕೆಡವುವ ಮುಂಚಿನ ವಾರ ಅಟ್ಟ ಖಾಲಿಯಾಗುತ್ತದೆ. ತಾಮ್ರದ ಹಂಡೆಗೆ ಬೆಲೆ ಕಟ್ಟುತ್ತಾರೆ. ತಟ್ಟೆಗಳು ಹಳೆ ಪೇಪರ್ ಜೊತೆ ತೂಕಕ್ಕೆ ಹೋಗುತ್ತವೆ. ನಾವು ಗುಜರಿಯವರಿಗೆ ಫೋನ್ ನಂಬರ್ ಕೊಟ್ಟಿದ್ದೇವೆ. 'ಮೇಡಂ, ಕರಿ ತಟ್ಟೆ ಬಂದಿದೆ' ಅಂತ ಫೋನ್ ಬಂದರೆ ಗೆಳತಿ ಸಂಜೆಯೊಳಗೆ ಅಲ್ಲಿರುತ್ತಾಳೆ. ಒಂದಕ್ಕೆ 50 ರೂಪಾಯಿಯಿಂದ ಹಿಡಿದು 400 ರೂಪಾಯಿವರೆಗೂ ಕೊಟ್ಟಿದ್ದೇವೆ.

ಫ್ರೀಬರ್ಗ್‌ನ ಎಲ್ವಿಸ್ ಅಣಕು ಮಾತ್ರ ಗುಜರಿಯಿಂದ ಬಂದದ್ದಲ್ಲ. ಅದನ್ನು ಕೊಟ್ಟವರು ಜಯನಗರದ ಒಬ್ಬ ಹಿರಿಯರು. ಎಂಬತ್ತು ದಾಟಿದೆ. ಅವರ ಮನೆ ಮಾರಾಟವಾಗಿತ್ತು. ತಟ್ಟೆಗಳನ್ನು ಯಾರಾದರೂ ಕೇಳುವವರಿಗೇ ಕೊಡಬೇಕು ಅಂತ ಅವರು ಹೇಳಿದ್ದನ್ನು ಕೇಳಿ ಹೋಗಿದ್ದೆವು.

'ಬನ್ರಪ್ಪಾ, ಕೂತ್ಕೊಳಿ. ಇದು ನಮ್ಮ ಚಿಕ್ಕಪ್ಪ ತಂದಿದ್ದು. ಕಾರ್ಖಾನೆಯಿಂದ ಟ್ರೈನಿಂಗ್ ಅಂತ ಇಂಗ್ಲೆಂಡಿಗೆ ಕಳಿಸಿದ್ರು ಅವರನ್ನ' ಅಂದರು.

'ಸರ್, ನಿಮಗೆ ಎಲ್ವಿಸ್ ಹಾಡು ಇಷ್ಟ ಇತ್ತಾ?' ಅಂತ ಗೆಳತಿ ಕೇಳಿದಳು.

ಅವರು ನಕ್ಕರು. 'ಎಲ್ವಿಸ್ ತಟ್ಟೆ ಮನೆಗೆ ತರೋ ಹಾಗಿರ್ಲಿಲ್ಲಮ್ಮ. ನಮ್ಮಪ್ಪನಿಗೆ ಅದು ಆಗ್ತಾನೇ ಇರ್ಲಿಲ್ಲ. ಇದನ್ನ ಚಿಕ್ಕಪ್ಪ ಮನೇಲಿ ಹಾಕಿದಾಗ ಅಪ್ಪ ಬಂದು ನಿಂತ್ಕೊಂಡ್ರು. ಚಿಕ್ಕಪ್ಪ ಹೇಳಿದ್ರು, ಅಣ್ಣಾ, ಇದು ಅವನನ್ನ ಬೈಯೋ ತಟ್ಟೆ ಅಂತ. ಹಾಗಾದ್ರೆ ಸರಿ, ಹಾಕು ಅಂದ್ರು ಅಪ್ಪ. ಬೈಗುಳ ಅಂತ ಅವರು ಕೇಳಿದ್ರು. ನಾನು ತಾಳ ಕೇಳ್ದೆ.'

ಆ ಮಾತು ನಮಗೆ ತಟ್ಟೆಗಿಂತ ದೊಡ್ಡದಾಗಿ ಕಂಡಿತು. ಗೇಲಿ ಮಾಡಬೇಕಾದರೂ ಗೇಲಿಗೆ ಒಳಗಾದವನ ತಾಳವನ್ನೇ ಹಿಡಿಯಬೇಕು. ಹಾಗಾಗಿ ಬಾಗಿಲು ಹಾಕಿದ ಮನೆಯೊಳಗೂ ಆ ತಾಳ ಹೋಗಿ ಕೂತಿತು. ಅಣಕಿಸಿದವನೇ ಅವನನ್ನು ಬೆನ್ನ ಮೇಲೆ ಹೊತ್ತು ತಂದ ಹಾಗಾಯಿತು.

ತಿಪ್ಪಾರಳ್ಳಿಯ ದಾರಿ

ರಾಕ್ ಅಂಡ್ ರೋಲ್‌ಗೂ ಮುಂಚೆ ವಿದೇಶದ ಜನಪ್ರಿಯ ಹಾಡಿಗೆ ಕನ್ನಡದಲ್ಲಿ ಕೈ ಹಾಕಿದವರು ಟಿ.ಪಿ. ಕೈಲಾಸಂ. ಅವರ ಹಾಡುಗಳ ತಟ್ಟೆ ನಮ್ಮ ಟ್ರಂಕಿನಲ್ಲಿಲ್ಲ. ಆದರೆ ಈ ಹುಚ್ಚಿಗೆ ಒಂದು ಅರ್ಥ ಸಿಕ್ಕಿದ್ದು ಅವರಿಂದಲೇ.

ಕೈಲಾಸಂ ಲಂಡನ್ನಿನಲ್ಲಿ ಭೂಗರ್ಭ ವಿಜ್ಞಾನ ಓದಿ ಬಂದವರು. ಅಲ್ಲಿನ ನಾಟಕ, ಹಾಡು, ತಮಾಷೆ ಎಲ್ಲ ಅವರಿಗೆ ಬಾಯಿಪಾಠ. 'ಇಟ್ಸ್ ಎ ಲಾಂಗ್ ವೇ ಟು ಟಿಪ್ಪರರಿ' ಅಂತ ಒಂದು ಇಂಗ್ಲಿಷ್ ಹಾಡು. ಜ್ಯಾಕ್ ಜಡ್ಜ್ ಎಂಬಾತ 1912ರಲ್ಲಿ ಹಾಡಿದ್ದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಇದನ್ನು ಹಾಡಿಕೊಂಡು ನಡೆಯುತ್ತಿದ್ದರು. ಟಿಪ್ಪರರಿ ಐರ್ಲೆಂಡಿನ ಒಂದು ಊರು. ಕೈಲಾಸಂ ಅದನ್ನು ತಿಪ್ಪಾರಳ್ಳಿ ಮಾಡಿದರು. ಕೇಳಿದ ಕೂಡಲೇ ನಗು ಬರುತ್ತದೆ. ತಿಪ್ಪೆಯ ವಾಸನೆಯೂ ಬರುತ್ತದೆ, ಊರಿನ ನೆನಪೂ ಬರುತ್ತದೆ.

ಮೂಲ ಇಂಗ್ಲಿಷ್ ಹಾಡಿನ ಕತೆ ಏನು ಗೊತ್ತಾ? ಐರ್ಲೆಂಡಿನ ಹಳ್ಳಿಯವನೊಬ್ಬ ಲಂಡನ್ನಿಗೆ ಬಂದಿರುತ್ತಾನೆ. ಊರಲ್ಲಿರುವ ಹುಡುಗಿಗೆ ಕಾಗದ ಬರೆಯುತ್ತಾನೆ. ಕಾಗುಣಿತ ತಪ್ಪಿದ್ದರೆ ಅದು ಪೆನ್ನಿನ ತಪ್ಪು, ನನ್ನದಲ್ಲ ಅನ್ನುತ್ತಾನೆ. ಅಂದರೆ ಅದು ಪಟ್ಟಣದವರು ಹಳ್ಳಿಯವನನ್ನು ನೋಡಿ ನಗೋದಕ್ಕೆ ಮಾಡಿದ ಹಾಡು. ಆದರೆ ಯುದ್ಧದಲ್ಲಿ ಅದನ್ನು ಹಾಡಿದವರು ಯಾರು? ಊರು ಬಿಟ್ಟು ಬಂದ ಹುಡುಗರು. ಅವರ ಬಾಯಲ್ಲಿ ಗೇಲಿಯೆಲ್ಲ ಉದುರಿಹೋಗಿ ಊರು ಮಾತ್ರ ಉಳಿಯಿತು.

ಕೈಲಾಸಂ ಅವರ ಇನ್ನೊಂದು ಹಾಡು 'ಕೋಳಿಕೆ ರಂಗ'. ಅದರ ಹಿಂದೆ ಇರೋದು 1928ರ 'ಕಾನ್‌ಸ್ಟಾಂಟಿನೋಪಲ್' ಎಂಬ ಇಂಗ್ಲಿಷ್ ತಮಾಷೆ ಹಾಡು. ಅದರಲ್ಲಿ ಆ ಉದ್ದನೆಯ ಊರ ಹೆಸರನ್ನು ಇಂಗ್ಲಿಷ್ ಅಕ್ಷರ ಒಂದೊಂದಾಗಿ ಬಿಡಿಸಿ ಹಾಡುತ್ತಾರೆ. ಕೈಲಾಸಂ ಆ ಧಾಟಿ ಹಿಡಿದು ನಮ್ಮ ಹಳ್ಳಿಯ ರಂಗನ ಹೆಸರನ್ನು ಕನ್ನಡ ಅಕ್ಷರಗಳಲ್ಲಿ ಬಿಡಿಸಿದರು. ಹಳ್ಳಿಯವನೇ ಎದೆ ಸೆಟೆಸಿ, ನನ್ನ ಹೆಸರು ಹೀಗೆ ಬರೆಯಬೇಕು ಅಂತ ಹೇಳಿಕೊಡುತ್ತಾನೆ. ಟಿಪ್ಪರರಿ ಹಾಡಿನಲ್ಲಿ ಹಳ್ಳಿಯವನಿಗೆ ಕಾಗುಣಿತ ಬರೋದಿಲ್ಲ. ಕೈಲಾಸಂ ಹಾಡಿನಲ್ಲಿ ಹಳ್ಳಿಯವನೇ ಮೇಷ್ಟ್ರು.

'ಟೊಳ್ಳುಗಟ್ಟಿ' ನಾಟಕದಲ್ಲೂ ಅವರು ನಕ್ಕಿದ್ದು ಪರೀಕ್ಷೆಯಲ್ಲಿ ಮೊದಲು ಬರುವ ಪುಟ್ಟುವನ್ನು ನೋಡಿ. ಓದು ತಲೆಗೆ ಹತ್ತದ ಮಾಧು, ಕಷ್ಟಕಾಲದಲ್ಲಿ ಗಟ್ಟಿ ಅಂತ ತೋರಿಸಿದರು.

ಇಲ್ಲೊಂದು ಮಾತು ಹೇಳಬೇಕು. ನಾವಿರುವ ಬಿಟಿಎಂ ಲೇಔಟ್ ಅಂದರೆ ಏನು ಅಂತ ಅಲ್ಲಿ ಬಾಡಿಗೆಗೆ ಇರುವ ಹತ್ತು ಜನರನ್ನು ಕೇಳಿದರೆ ಎಂಟು ಜನ ಯಾವುದೋ ಕಂಪನಿ ಹೆಸರು ಅನ್ನುತ್ತಾರೆ. ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿಗಳ ಮೊದಲ ಅಕ್ಷರ ಅಷ್ಟೇ. ಜೆಪಿ ನಗರದ ಸುತ್ತಮುತ್ತ ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ. ಬನಶಂಕರಿಯ ಪಕ್ಕ ಕತ್ರಿಗುಪ್ಪೆ, ಕದಿರೇನಹಳ್ಳಿ. ಇವೆಲ್ಲ ರಾಗಿ ಬೆಳೆದ ಊರುಗಳು. ಕೈಲಾಸಂ ಟಿಪ್ಪರರಿಯನ್ನು ಹಳ್ಳಿ ಮಾಡಿದರು. ಬೆಂಗಳೂರು ಹಳ್ಳಿಗಳನ್ನು ಮೂರು ಇಂಗ್ಲಿಷ್ ಅಕ್ಷರ ಮಾಡಿತು. ಇದರಲ್ಲಿ ಯಾವುದು ದೊಡ್ಡ ತಮಾಷೆ, ನೀವೇ ಹೇಳಿ.

ಒಡೆಯಬೇಕೆಂದ ತಟ್ಟೆ

ನಮ್ಮ ಸಿಂದಗಿಯ ಗೆಳೆಯ ಮೊದಲು ಒಂದು ಟಿವಿ ಚಾನೆಲ್‌ನಲ್ಲಿ ಕೆಲಸಕ್ಕೆ ಸೇರಿದ್ದ. ಫೋನ್ ಎತ್ತಿ 'ಹೌದ್ರೀ, ಹೇಳ್ರಿ' ಅಂದರೆ ಪಕ್ಕದ ಮೇಜಿನವರು ಅದನ್ನೇ ತಿರುಗಿ ಅನ್ನುತ್ತಿದ್ದರು. ಮೊದಮೊದಲು ಅವನೂ ನಕ್ಕ. ತಿಂಗಳಾದ ಮೇಲೆ ಫೋನ್ ಎತ್ತೋದನ್ನೇ ಕಡಿಮೆ ಮಾಡಿದ. ಅವನು ಬರೆದ ಸ್ಕ್ರಿಪ್ಟು ಓಡುತ್ತಿತ್ತು, ಆದರೆ ದನಿ ಕೊಡೋದಕ್ಕೆ ಬೇರೆಯವರು. 'ನಿಂದು ಸ್ವಲ್ಪ ಆ ಕಡೆ ಥರ ಇದೆ ಕಣೋ' ಅಂದರು. ಒಂದು ವರ್ಷಕ್ಕೆ ಕೆಲಸ ಬಿಟ್ಟ. ಯಾರೂ ಅವನಿಗೆ ಕೆಟ್ಟದ್ದು ಮಾಡಬೇಕು ಅಂತ ಮಾಡಿದ್ದಲ್ಲ. ಬರೀ ತಮಾಷೆ.

ಇದಾದ ಮೇಲೆ ಬನಶಂಕರಿಯ ಒಂದು ಗುಜರಿಯಲ್ಲಿ ನಮಗೊಂದು 78ರ ತಟ್ಟೆ ಸಿಕ್ಕಿತು. ಮಧ್ಯದ ಲೇಬಲ್ ಪೂರ್ತಿ ಕಿತ್ತುಹೋಗಿದೆ. ಎರಡೂ ಬದಿ ಕನ್ನಡ ಮಾತುಕತೆ. ಪಟ್ಟಣದ ಯಜಮಾನರು, ಹಳ್ಳಿಯಿಂದ ಬಂದ ಹೊಸ ಆಳು. ಆಳಿಗೆ ಟೆಲಿಫೋನ್ ಅಂದರೆ ಗೊತ್ತಿಲ್ಲ. ಒಂದೊಂದು ಪದವನ್ನೂ ತಿರುಚಿ ತಿರುಚಿ ಹೇಳುತ್ತಾನೆ. ಯಜಮಾನರು ಬೈಯುತ್ತಾರೆ, ಹೊಡೆದ ಸದ್ದು ಬರುತ್ತದೆ, ಹಿಂದೆ ಜನ ನಗುತ್ತಾರೆ. ಅವನ ಭಾಷೆ ಯಾವ ಊರಿನದೂ ಅಲ್ಲ. ಸ್ವಲ್ಪ ಮಂಡ್ಯ, ಸ್ವಲ್ಪ ಕೋಲಾರ, ಉಳಿದದ್ದು ಹೊಟ್ಟೆಯಿಂದ ಹುಟ್ಟಿದ್ದು. ಪಟ್ಟಣದವರ ಕಿವಿಯಲ್ಲಿ ಮಾತ್ರ ಇರುವ ಹಳ್ಳಿ ಅದು.

ಕೇಳಿ ಮುಗಿದ ಮೇಲೆ ರೂಮು ಸುಮ್ಮನಾಯಿತು. ಸಿದ್ದಾಪುರದ ಗೆಳತಿ ಅಂದಳು, 'ಇದು ನಮ್ಮ ಪೆಟ್ಟಿಗೇಲಿ ಬೇಡ. ಹೊಡೆತಕ್ಕೆ ನಗೋದು ಹಾಸ್ಯ ಅಲ್ಲ. ಒಡೆದು ಹಾಕೋಣ.' ಪಾವಗಡದವನು, ಇಷ್ಟು ಹಳೇದು ಒಡೆಯೋದು ಹೇಗೆ, ಮಾರಿಬಿಡೋಣ ಅಂದ. ಮಾರಿದರೆ ಇನ್ಯಾರೋ ಕೂತು ನಗುತ್ತಾರೆ, ಅದೂ ಬೇಡ ಅಂದಳು.

ಸಿಂದಗಿಯವನು ಕೊನೆಗೆ ಬಾಯಿ ಬಿಟ್ಟ. 'ಒಡೀಬ್ಯಾಡ್ರಿ. ಒಡದ್ರ ಅವರು ನಕ್ಕಿದ್ದಕ್ಕ ಸಾಕ್ಷಿ ಎಲ್ಲೈತಿ? ನಾ ಆಫೀಸಿನ್ಯಾಗ ಆದದ್ದು ಹೇಳಿದ್ರ ಯಾರೂ ನಂಬೂದಿಲ್ಲ, ಹಂಗೇನಿಲ್ಲ ಬಿಡಪಾ ಅಂತಾರ. ಇದು ನೋಡ್ರಿ, ತಟ್ಟಿ ಮ್ಯಾಲೆ ಕೊರದದ. ಇಲ್ಲ ಅನ್ನಾಕ ಆಗೂದಿಲ್ಲ.'

ಪತ್ರಿಕೋದ್ಯಮ ಓದಿದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ತಟ್ಟೆ ಉಳಿಯಿತು. ಆದರೆ ಗೆಳತಿಯ ಮಾತಿಗೂ ಬೆಲೆ ಇತ್ತು. ಅದಕ್ಕೆ ಅವಳೇ ಒಂದು ಚೀಟಿ ಬರೆದು ಕವರ್ ಮೇಲೆ ಅಂಟಿಸಿದಳು. ಎಲ್ಲಿ ಸಿಕ್ಕಿತು, ಏನಿದೆ, ಯಾರು ಯಾರಿಗೆ ಹೊಡೆಯುತ್ತಾರೆ, ಎಲ್ಲ ಇದೆ. ಅಲ್ಲಿಂದ ಪ್ರತಿ ತಟ್ಟೆಗೂ ಒಂದು ಚೀಟಿ ಬಿದ್ದಿದೆ. ಕೊನೆಯ ಸಾಲು ಎಲ್ಲದರಲ್ಲೂ ಒಂದೇ ಪ್ರಶ್ನೆ: ಇಲ್ಲಿ ನಗುತ್ತಿರುವವರು ಯಾರು, ಯಾರನ್ನು ನೋಡಿ?

ಆ ಪ್ರಶ್ನೆ ಇಟ್ಟುಕೊಂಡು ಹಳೆಯ ತಟ್ಟೆಗಳನ್ನೆಲ್ಲ ಮತ್ತೆ ಕೇಳಿದೆವು. ಫ್ರೀಬರ್ಗ್‌ನ ತಮಾಷೆ ಈಗಲೂ ನಗು ಬರಿಸುತ್ತದೆ. ಆದರೆ ಅದರೊಳಗೆ ಜಾಝ್ ತಿಳಿದ ಪಟ್ಟಣದವನ ಗತ್ತು ಇದೆ. ಇವರಿಗೆ ಮಾತು ಬರೋದಿಲ್ಲ, ಗೊಣಗುತ್ತಾರೆ ಅನ್ನುವ ಗತ್ತು. ಗೊಣಗುತ್ತಾರೆ ಅನ್ನಿಸಿಕೊಂಡವರು ಕಪ್ಪು ಹುಡುಗರು, ಲಾರಿ ಓಡಿಸುವ ಹುಡುಗರು. ಅವರ ಹಾಡು ಈಗ ಜಗತ್ತೆಲ್ಲ ಇದೆ. ಗೇಲಿಯ ತಟ್ಟೆಯನ್ನು ನಮ್ಮಂಥ ಕೆಲವರು ಟ್ರಂಕಿನಲ್ಲಿ ಇಟ್ಟುಕೊಂಡಿದ್ದೇವೆ.

ಅಣ್ಣಾವ್ರ ಇಂಗ್ಲಿಷ್

ನಮ್ಮಲ್ಲೂ ಇಂಥದ್ದೊಂದು ಆಗಿದೆ. 1978ರಲ್ಲಿ ದೊರೈ-ಭಗವಾನ್ ಅವರ 'ಆಪರೇಷನ್ ಡೈಮಂಡ್ ರಾಕೆಟ್' ಬಂತು. ಅದರಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ರಾಜ್‌ಕುಮಾರ್ ಒಂದು ಹಾಡನ್ನು ಇಂಗ್ಲಿಷಿನಲ್ಲೇ ಹಾಡಿದರು. 'ಇಫ್ ಯೂ ಕಮ್ ಟುಡೇ' ಅಂದರೆ ನಿಮಗೆ ಗೊತ್ತಾಗುತ್ತದೆ. ಎಷ್ಟೋ ವರ್ಷದ ಮೇಲೆ ಇಂಟರ್‌ನೆಟ್ ಬಂದಾಗ ಕನ್ನಡ ಗೊತ್ತಿಲ್ಲದವರು ಅದನ್ನು ಎತ್ತಿಕೊಂಡು ನಗಾಡಿದರು. ಡ್ಯಾನ್ಸ್ ನೋಡಿ, ಉಚ್ಚಾರಣೆ ನೋಡಿ ಅಂತ ಒಬ್ಬರಿಗೊಬ್ಬರು ಕಳಿಸಿಕೊಂಡರು.

ಪ್ರಾಥಮಿಕ ಶಾಲೆ ದಾಟದೆ ನಾಟಕ ಕಂಪನಿ ಸೇರಿದ ಗಾಜನೂರಿನ ಮನುಷ್ಯ ಪೂರ್ತಿ ಒಂದು ಇಂಗ್ಲಿಷ್ ಹಾಡನ್ನು ಕಲಿತು ಹಾಡಿದ್ದು ಅವರಿಗೆ ಕಾಣಲಿಲ್ಲ. ಆದರೆ ಮುಂದೆ ಆದದ್ದು ನೋಡಿ. ನಗಾಡಲು ಕೇಳಿದ ಎಷ್ಟೋ ಜನ ಎರಡನೇ ಸಲ ಸುಮ್ಮನೆ ಕೇಳಿದರು. ಈಗ ಅದು ಮದುವೆಯ ಆರ್ಕೆಸ್ಟ್ರಾಗಳಲ್ಲಿ ಇದೆ, ಹೊಸ ಹುಡುಗರ ಬ್ಯಾಂಡುಗಳಲ್ಲಿ ಇದೆ. ಜಯನಗರದ ಆ ಹಿರಿಯರು ಹೇಳಿದ ಹಾಗೆ, ಬೈಗುಳ ಕೇಳೋದಕ್ಕೆ ಬಂದವರ ಕಿವಿಗೆ ತಾಳ ಹೋಗಿ ಸೇರಿತು.

ನಿಮ್ಮ ಮನೆಯ ತಟ್ಟೆಗಳು

ಈಗ ನಿಮ್ಮ ಕಡೆಯ ಕೆಲಸ. ಬೆಂಗಳೂರಿನ ಅಟ್ಟಗಳಲ್ಲಿ ಇರೋದಕ್ಕಿಂತ ಹೆಚ್ಚು ತಟ್ಟೆಗಳು ನಮ್ಮ ಹಳ್ಳಿಗಳಲ್ಲಿ ಇರಬಹುದು. ಹಳೆಯ ಮೈಕ್ ಸೆಟ್ ಅಂಗಡಿಗಳಲ್ಲಿ, ಟೂರಿಂಗ್ ಟಾಕೀಸ್ ನಡೆಸಿದವರ ಮನೆಗಳಲ್ಲಿ, ನಾಟಕದ ಮೇಷ್ಟ್ರುಗಳ ಪೆಟ್ಟಿಗೆಗಳಲ್ಲಿ. ಟೆಂಟಿನಲ್ಲಿ ಸಿನಿಮಾ ಶುರುವಾಗುವ ಮುಂಚೆ ಘಂಟಸಾಲ ಅವರ ವೆಂಕಟೇಶನ ಹಾಡು ಹಾಕುತ್ತಿದ್ದರಲ್ಲ, ಅಂಥ ತಟ್ಟೆಗಳ ಜೊತೆಗೇ ಹಾಸ್ಯದ ತಟ್ಟೆಗಳೂ ಇರುತ್ತವೆ.

ಇದ್ದರೆ ಇಷ್ಟು ಮಾಡಿ.

ಗಟ್ಟಿಯಾಗಿ, ಭಾರವಾಗಿ, ಕೈಬಿಟ್ಟರೆ ಮಡಕೆಯ ಹಾಗೆ ಒಡೆಯುವ ತಟ್ಟೆ 78ರದು. ಅದರಲ್ಲಿ ಇರೋದು ಅರಗು. ಮರದ ಮೇಲೆ ಹುಳು ಮಾಡುವ ಅದೇ ಅರಗು. ಒಂದು ಬದಿಗೆ ಮೂರು ನಿಮಿಷದ ಆಸುಪಾಸು ಹಾಡು ಹಿಡಿಯುತ್ತದೆ. ಸ್ವಲ್ಪ ಬಾಗುವ, ಹಗುರಾದ ತಟ್ಟೆ ವಿನೈಲ್. ಅದು 45 ಅಥವಾ 33ರ ವೇಗದ್ದು. ನಮ್ಮ ದೇಶದಲ್ಲಿ 78ರ ತಟ್ಟೆ ಬೇರೆ ಕಡೆ ನಿಂತ ಮೇಲೂ ಬರುತ್ತಿತ್ತು. ಬೀಟಲ್ಸ್ ಹಾಡುಗಳನ್ನು ಕೂಡ ಕಲ್ಕತ್ತದ ಡಂಡಂ ಕಾರ್ಖಾನೆಯಲ್ಲಿ 78ರಲ್ಲಿ ಒತ್ತಿದರು. ಅವನ್ನು ಈಗ ವಿದೇಶದವರು ಹುಡುಕಿಕೊಂಡು ಬರುತ್ತಾರೆ. ಹಾಗಾಗಿ ಇಂಗ್ಲಿಷ್ ಲೇಬಲ್ ಇದ್ದರೆ ತೂಕಕ್ಕೆ ಹಾಕುವ ಮುಂಚೆ ಒಮ್ಮೆ ಓದಿಸಿ.

78ರ ತಟ್ಟೆಯನ್ನು ಸ್ಪಿರಿಟ್‌ನಲ್ಲಿ ಒರೆಸಬೇಡಿ, ಅರಗು ಕರಗುತ್ತದೆ. ಸ್ವಲ್ಪವೇ ಒದ್ದೆ ಮಾಡಿದ ಮೆತ್ತನೆ ಬಟ್ಟೆ ಸಾಕು. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ. ಬಿಸಿಲು, ತಗಡಿನ ಸೂರಿನ ಕಾವು ತಾಗದ ಜಾಗದಲ್ಲಿಡಿ. ಎಲ್‌ಪಿ ಸೂಜಿಯಲ್ಲಿ 78 ಹಾಕಬೇಡಿ. ಕೈಯಲ್ಲಿ ತಿರುಗಿಸುವ ಹಳೆ ಗ್ರಾಮಫೋನ್ ಇದ್ದರೆ ಒಂದು ಬದಿಗೆ ಒಂದು ಹೊಸ ಸ್ಟೀಲ್ ಸೂಜಿ. ಹಳೆ ಸೂಜಿ ಗೀರು ಬೀಳಿಸುತ್ತದೆ.

ಬೆಂಗಳೂರಿಗೆ ಬಂದಾಗ ಜೆಪಿ ನಗರ ಏಳನೇ ಹಂತದಲ್ಲಿರುವ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಮ್ಯೂಸಿಯಂಗೆ ಒಮ್ಮೆ ಹೋಗಿ. 2019ರಲ್ಲಿ ಶುರುವಾಯಿತು. ನಮ್ಮ ದೇಶದ ಧ್ವನಿಮುದ್ರಣದ ಕತೆ ಅಲ್ಲಿದೆ. 1902ರಲ್ಲಿ ಕಲ್ಕತ್ತದಲ್ಲಿ ತಟ್ಟೆಗೆ ಹಾಡಿದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಮೈಸೂರು ಅರಮನೆಯ ಆಶ್ರಯದಲ್ಲಿ. 1930ರಲ್ಲಿ ತೀರಿಕೊಂಡದ್ದೂ ಮೈಸೂರಿನಲ್ಲೇ. ಅವರ ಕತೆ ಬರೆದ ವಿಕ್ರಂ ಸಂಪತ್ ಅವರ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ 78ರ ತಟ್ಟೆಗಳನ್ನು ಡಿಜಿಟಲ್ ಮಾಡುವ ಕೆಲಸ ಮಾಡಿದೆ.

ದೊಡ್ಡ ಹಾಡುಗಾರರ ತಟ್ಟೆಗಳನ್ನು ಹೀಗೆ ಯಾರಾದರೂ ಕಾಪಾಡುತ್ತಾರೆ. ತಮಾಷೆಯ ತಟ್ಟೆಗೆ ಆ ಭಾಗ್ಯ ಇಲ್ಲ. ಅದನ್ನು ಕೇಳಿ ನಕ್ಕವರೇ ಬಿಸಾಡುತ್ತಾರೆ. ಆದರೆ ಒಂದು ಕಾಲದ ಜನ ಯಾರಿಗೆ ಹೆದರುತ್ತಿದ್ದರು, ಯಾರನ್ನು ಕೀಳು ಅಂದುಕೊಂಡಿದ್ದರು, ಯಾವುದು ಇಷ್ಟವಿದ್ದೂ ಇಲ್ಲ ಅನ್ನುತ್ತಿದ್ದರು ಅಂತ ತಿಳಿಯಬೇಕಾದರೆ ಶಾಸ್ತ್ರೀಯ ಸಂಗೀತ ಕೇಳಿ ಪ್ರಯೋಜನವಿಲ್ಲ. ಅವರು ಯಾವುದಕ್ಕೆ ನಕ್ಕರು ಅಂತ ಕೇಳಬೇಕು. ಫೋನಿನಲ್ಲಿ ಸಿಗದೆ ಇರೋದು ಇದೇ.

ಸಿಂದಗಿಯ ಗೆಳೆಯ ಬರುವ ಯುಗಾದಿಗೆ ರೂಮು ಬಿಡುತ್ತಿದ್ದಾನೆ. ಊರಿನಲ್ಲೇ ತನ್ನದೇ ಸುದ್ದಿ ಚಾನೆಲ್ ಮಾಡುತ್ತಾನಂತೆ, ಫೋನಿನಲ್ಲಿ ನೋಡುವಂಥದ್ದು. ಓದೋದು ಅವನೇ, ಅವನ ಕನ್ನಡದಲ್ಲೇ. ಟ್ರಂಕನ್ನು ಮೂರು ಪಾಲು ಮಾಡೋಣ ಅಂತ ಒಮ್ಮೆ ಮಾತು ಬಂತು. ಬೇಡ ಅಂತ ತೀರ್ಮಾನವಾಯಿತು. ಟ್ರಂಕು ಅವನ ಜೊತೆ ಹೋಗುತ್ತದೆ. ಅವನ ಪಂಚಾಯಿತಿಯ ಗ್ರಂಥಾಲಯದ ಅರಿವು ಕೇಂದ್ರದಲ್ಲಿ ಒಂದು ಭಾನುವಾರ ಸಂಜೆ ತಟ್ಟೆಗಳನ್ನು ಹಾಕಿ ಕೇಳಿಸೋದು ಅಂತ ಮಾತಾಗಿದೆ. ಲೇಬಲ್ ಇಲ್ಲದ ಆ ತಟ್ಟೆಯನ್ನೂ ಹಾಕುತ್ತೇವೆ. ಚೀಟಿ ಓದಿದ ಮೇಲೆಯೇ ಹಾಕಬೇಕು ಅನ್ನೋದು ಗೆಳತಿಯ ಷರತ್ತು.

ಆವತ್ತು ಜನ ಎಲ್ಲಿ ನಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಅಂತ ಬರೆದುಕೊಳ್ಳೋದಕ್ಕೆ ನಾವು ಮೂವರೂ ಅಲ್ಲಿರುತ್ತೇವೆ. ನಿಮ್ಮೂರಿನ ಮೈಕ್ ಸೆಟ್‌ನವರ ಹತ್ತಿರ 78 ಓಡಿಸುವ ಪ್ಲೇಯರ್ ಇನ್ನೂ ಕೆಲಸ ಮಾಡುತ್ತಿದ್ದರೆ ತಿಳಿಸಿ. ನಮ್ಮದರ ಮೋಟರ್ ಈಚೆಗೆ ಸ್ವಲ್ಪ ನಿಧಾನ ಓಡುತ್ತಿದೆ, ಎಲ್ವಿಸ್‌ನ ಅಣಕು ಯಕ್ಷಗಾನದ ಭಾಗವತರ ಹಾಗೆ ಕೇಳಿಸುತ್ತಿದೆ.